ಪಿಎಲ್‌ಜಿಎ (ದೇಹದಲ್ಲಿ ಕರಗಿಹೋಗುವ ಒಂದು ಪಾಲಿಮರ್) ಕಣದೊಳಗೆ ಟೆಮೊಪೋರ್ಫಿನ್ (ಬೆಳಕು ಬಿದ್ದಾಗ ಕ್ಯಾನ್ಸರ್ ಕೋಶ ಕೊಲ್ಲುವ ಔಷಧ) ತುಂಬಿದ ಮೇಲೆ ಬೆಳಕು ಬಿಟ್ಟರೂ ಪರಿಣಾಮ ಕಡಿಮೆ, ಯಾಕೆ?

ಸಾಮಾನ್ಯ ಕಾರಣ ಒಂದಿದೆ: ಕಣದೊಳಗೆ ಔಷಧ ಅತಿಯಾಗಿದೆ. ಅಣುಗಳು ಒತ್ತೊತ್ತಾಗಿ ಕೂತರೆ ಹೀರಿದ ಬೆಳಕು ಶಾಖವಾಗಿ ಹೋಗುತ್ತದೆ, ಜೀವಕೋಶವನ್ನು ಕೊಲ್ಲುವ ಸಿಂಗ್ಲೆಟ್ ಆಕ್ಸಿಜನ್ (ಚುರುಕಾಗಿ ವರ್ತಿಸುವ ಆಮ್ಲಜನಕ) ತುಂಬಾ ಕಡಿಮೆ ಹುಟ್ಟುತ್ತದೆ. ಪರೀಕ್ಷೆ ಸುಲಭ. ಒಂದೇ ಪ್ರಮಾಣದ ಮಾದರಿಯನ್ನು ನೀರಲ್ಲೊಮ್ಮೆ, ಅಸಿಟೋನ್‌ನಲ್ಲಿ ಕರಗಿಸಿ ಇನ್ನೊಮ್ಮೆ ಇಟ್ಟು ಫ್ಲೋರೆಸೆನ್ಸ್ (ಬೆಳಕು ಹೀರಿ ಮರಳಿ ಹೊಳೆಯುವುದು) ನೋಡಿ. ಅಸಿಟೋನ್‌ನಲ್ಲಿ ಹಲವು ಪಟ್ಟು ಏರಿದರೆ ಅನುಮಾನ ಬಲವಾಯಿತು.

ಹಾಗಿದ್ದರೆ 50 ಮಿಗ್ರಾಂ ಪಿಎಲ್‌ಜಿಎಗೆ (ಲ್ಯಾಕ್ಟಿಕ್, ಗ್ಲೈಕೋಲಿಕ್ ಭಾಗಗಳು 50:50) 1 ಮಿಗ್ರಾಂ ಔಷಧದಿಂದ ಶುರುಮಾಡಿ. ಎರಡನ್ನೂ 5 ಮಿಲೀ ಅಸಿಟೋನ್‌ನಲ್ಲಿ ಕರಗಿಸಿ, ಕಲಕುತ್ತಿರುವ 15 ಮಿಲೀ ಶೇ. 1ರ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ಕಣಗಳು ಅಂಟದಂತೆ ತಡೆಯುವ ವಸ್ತು) ದ್ರಾವಣಕ್ಕೆ ಹನಿಹನಿಯಾಗಿ ಬಿಡಿ. ಅಸಿಟೋನ್ ಪೂರ್ತಿ ಆರುವವರೆಗೆ ಫ್ಯೂಮ್ ಹುಡ್‌ನಲ್ಲಿ ಕಲಕುತ್ತಿರಲಿ. ಬೀಕರಿಗೆ ಫಾಯಿಲ್ ಸುತ್ತಲೇಬೇಕು, ಟ್ಯೂಬ್‌ಲೈಟ್ ಕೂಡ ಔಷಧವನ್ನು ಹಾಳುಮಾಡುತ್ತದೆ. ಕಣದ ಗಾತ್ರ 100ರಿಂದ 200 ನ್ಯಾನೋಮೀಟರ್ ಒಳಗಿರಲಿ. ಕಣಗಳನ್ನು ಬೇರ್ಪಡಿಸಲು ಸೆಂಟ್ರಿಫ್ಯೂಜ್ ತುಂಬಾ ಜೋರಾಗಿ ತಿರುಗಿಸಿದರೆ ತಳದಲ್ಲಿ ಗಟ್ಟಿ ಬಿಲ್ಲೆ ಕೂತು ಮತ್ತೆ ಬಿಡಿಸಲಾಗದು. ಫ್ರೀಜ್ ಡ್ರೈ ಮಾಡುವಾಗ ಶೇ. 5 ಟ್ರೆಹಲೋಸ್ (ಕಣಗಳನ್ನು ಕಾಯುವ ಸಕ್ಕರೆ) ಸೇರಿಸಿ.

ಬೆಳಕು 652 ನ್ಯಾನೋಮೀಟರ್‌ನದ್ದೇ ಇರಲಿ. ಕೋಶಕ್ಕೆ ಹಾಕಿದ ತಕ್ಷಣ ಬಿಡಬೇಡಿ: ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿದ ಜಾಗದಿಂದ ಹೆಚ್ಚು ದೂರ ಹೋಗದು, ಔಷಧ ಕಣದಿಂದ ಹೊರಬರಲು ಸಮಯ ಬೇಕು. 4, 12, 24 ಗಂಟೆ ಹೋಲಿಸಿ.

ಮಣಿಪಾಲ, ಮಂಗಳೂರಿನ ಮಳೆಗಾಲದಲ್ಲಿ ಇನ್ನೊಂದು ಕಾಟ ತೇವ. ಪಿಎಲ್‌ಜಿಎ ನೀರಿನಿಂದಲೇ ತುಂಡಾಗುವ ವಸ್ತು. ಬಾಟಲಿಯನ್ನು -20 ಡಿಗ್ರಿ ಫ್ರೀಜರ್‌ನಿಂದ ತೆಗೆದ ಕೂಡಲೇ ತೆರೆದರೆ ಒಳಗೆಲ್ಲ ಹನಿ ಕಟ್ಟುತ್ತದೆ. ಡೆಸಿಕೇಟರ್‌ನಲ್ಲಿಟ್ಟು (ತೇವ ಹೀರುವ ಪುಡಿಯಿರುವ ಮುಚ್ಚಿದ ಪಾತ್ರೆ), ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಿರಿ.