ಸಂಪಾದಕರ ಉತ್ತರ: ಡೆಪಾಸಿಟ್ ಕೇಸಿಗೆ ಲಾಯರ್ ಬೇಕಾ?

ಕ್ಯಾಲಿಫೋರ್ನಿಯಾದ ಫ್ರೀಮಾಂಟಿಂದ ಬರೆದಿರೋ ಓದುಗರೇ, ನಾಲ್ಕು ಪುಟಾನೂ ಓದಿದೆ. ಬೇರೆಯವರಿಗೂ ಗೊತ್ತಾಗ್ಲಿ ಅಂತ ಚುಟುಕಾಗಿ ಹೇಳ್ತೀನಿ: ಬಾಡಿಗೆ ಮನೆ ಖಾಲಿ ಮಾಡಿ ಮೂರು ತಿಂಗಳಾಯ್ತು, ಓನರ್ 2,400 ಡಾಲರ್ ಡೆಪಾಸಿಟ್ ವಾಪಸ್ ಕೊಟ್ಟಿಲ್ಲ, ಪೇಂಟು ಕಾರ್ಪೆಟ್ಟು ಅಂತ ಬಾಯಲ್ಲಿ ಹೇಳ್ತಾನೆಯೇ ಹೊರತು ಒಂದು ಲೆಕ್ಕದ ಚೀಟಿನೂ ಕಳಿಸಿಲ್ಲ, ಸಣ್ಣ ಮೊತ್ತದ ಜಗಳ ಬಗೆಹರಿಸೋ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗೋಣ ಅಂದ್ರೆ ಲಾಯರ್ ಫೀಸಿಗೇ ಆ ದುಡ್ಡು ಹೋಗುತ್ತಲ್ಲಾ ಅಂತ ನಿಮ್ಮ ಚಿಂತೆ.

ಲಾಯರ್ ಚಿಂತೆ ಬಿಟ್ಬಿಡಿ. ಅಲ್ಲಿನ ಸ್ಮಾಲ್ ಕ್ಲೇಮ್ಸ್‌ನಲ್ಲಿ ನಿಮ್ಮ ಪರವಾಗಿ ಲಾಯರ್ ನಿಂತು ವಾದ ಮಾಡೋಕೇ ಬಿಡಲ್ಲ, ಓನರ್‌ಗೂ ಅದೇ ರೂಲ್ಸು. ಪ್ರತಿ ಕೌಂಟಿಲೂ (ನಮ್ಮ ಜಿಲ್ಲೆ ಇದ್ದ ಹಾಗೆ) ಸ್ಮಾಲ್ ಕ್ಲೇಮ್ಸ್ ಅಡ್ವೈಸರ್ ಅಂತ ಇರ್ತಾರೆ, ಪುಕ್ಕಟೆ ಸಲಹೆ ಕೊಡ್ತಾರೆ, ಮೊದಲು ಅವರನ್ನ ಕೇಳಿ.

ನನಗೆ ಯೋಚನೆ ಹತ್ತಿದ್ದು ನಿಮ್ಮ ಪತ್ರ ನೋಡಿ. ಸಂಪಾದಕನ ಚಾಳಿ ನೋಡಿ, ಕೆಂಪು ಪೆನ್ನು ಹಿಡ್ಕೊಂಡೇ ಓದೋದು. ಓನರ್ ಎಂಥ ಜುಗ್ಗ, ಅವನ ಹೆಂಡತಿ ಹೆಂಗೆ ಮುಖ ತಿರುಗಿಸಿದ್ಲು, ಇದಕ್ಕೇ ಎರಡೂವರೆ ಪುಟ. ಆದ್ರೆ ನೀವು ಬೀಗದ ಕೈ ಕೊಟ್ಟ ತಾರೀಖು ಎಲ್ಲೂ ಇಲ್ಲ! ಕೇಸ್ ನಿಂತಿರೋದೇ ಅದರ ಮೇಲೆ ಮಾರಾಯ್ರೆ. ನೀವು ಮನೆ ಬಿಟ್ಟ 21 ದಿನದೊಳಗೆ ಓನರ್ ಡೆಪಾಸಿಟ್ ವಾಪಸ್ ಮಾಡ್ಬೇಕು, ಹಿಡ್ಕೊಂಡ್ರೆ ಯಾವುದಕ್ಕೆ ಎಷ್ಟು ಅಂತ ಬರೆದು ಕಳಿಸ್ಬೇಕು, ರಿಪೇರಿ ಕ್ಲೀನಿಂಗು 125 ಡಾಲರ್ ದಾಟಿದ್ರೆ ಬಿಲ್ಲೂ ಜೊತೆಗಿರ್ಬೇಕು. ದಿನಾ ಓಡಾಡಿ ಸವೆದ ಕಾರ್ಪೆಟ್ಟಿಗೆ ದುಡ್ಡು ಮುರ್ಕೊಳ್ಳೋ ಹಾಗೇ ಇಲ್ಲ. ದುರುದ್ದೇಶದಿಂದ ಇಟ್ಕೊಂಡಿದಾನೆ ಅಂತ ಜಡ್ಜಿಗೆ ಅನಿಸಿದ್ರೆ ಡೆಪಾಸಿಟ್‌ನ ಎರಡರಷ್ಟರ ತನಕ ಮೇಲೆ ಕೊಡಿಸಬಹುದು, ಕೊಡಿಸಲೇಬೇಕು ಅಂತೇನಿಲ್ಲ. ಡೆಪಾಸಿಟ್ 2,400, ಅದರ ಮೇಲೆ 4,800, ಎಲ್ಲಾ ಸೇರಿಸಿ ಕೇಳಿದ್ರೂ 7,200, ಈ ಕೋರ್ಟಲ್ಲಿ ಒಬ್ಬ ವ್ಯಕ್ತಿ ಕೇಳಬಹುದಾದ ಮಿತಿ 12,500, ಆರಾಮಾಗಿ ಒಳಗೇ ಇದೆ. ಫೈಲಿಂಗ್ ಫೀಸು 75 ಡಾಲರ್, ಗೆದ್ರೆ ಅದನ್ನೂ ಕೇಳ್ಬಹುದು.

ಹಾಗಾಗಿ ನಿಮ್ಮ ನಾಲ್ಕು ಪುಟಾನ ಒಂದಕ್ಕಿಳಿಸಿ. ಡೆಪಾಸಿಟ್ ಕೊಟ್ಟ ದಿನ, ಮನೆ ಬಿಟ್ಟ ದಿನ, 21 ದಿನ ಮುಗಿದ ದಿನ, ನೀವು ದುಡ್ಡು ಕೇಳಿ ಬರೆದ ದಿನ, ಅಷ್ಟೇ, ಪ್ರತಿಯೊಂದರ ಪಕ್ಕದಲ್ಲಿ ಅದಕ್ಕೆ ಯಾವ ಕಾಗದ ಸಾಕ್ಷಿ ಅಂತ ಬರೀರಿ. ಬರೆದು ಕೇಳೇ ಇಲ್ವಾ? ಹಾಗಾದ್ರೆ ಇವತ್ತೇ ಕೇಳಿ, ಕೇಸ್ ಹಾಕೋಕೆ ತುಂಬೋ ಎಸ್‌ಸಿ-100 ಅನ್ನೋ ಅರ್ಜಿಲಿ ಮೊದಲು ದುಡ್ಡು ಕೇಳಿದೀರಾ ಅಂತ ಪ್ರಶ್ನೆನೇ ಇದೆ. ಫೋಟೋ, ಮೆಸೇಜು ಎಲ್ಲಾ ಪ್ರಿಂಟ್ ಹಾಕ್ಸಿ, ಮೂರು ಸೆಟ್, ಜಡ್ಜಿಗೊಂದು ಅವನಿಗೊಂದು ನಿಮಗೊಂದು. ಜಡ್ಜ್ ಮುಂದೆ ಫೋನ್ ಸ್ಕ್ರೋಲ್ ಮಾಡ್ತಾ ತಾಳಿ ಸಾರ್ ಇಲ್ಲೇ ಎಲ್ಲೋ ಇತ್ತು ಅನ್ನೋ ಗತಿ ಬೇಡ, ನಿಮಗೆ ಸಿಗೋದೇ ಕೆಲವು ನಿಮಿಷ.

ತುಂಬ ಜನ ಎಡವೋದು ಕೇಸಿನ ನೋಟಿಸ್ ಓನರ್‌ಗೆ ಮುಟ್ಟಿಸೋದ್ರಲ್ಲಿ. ನೀವೇ ಹೋಗಿ ಕೈಗೆ ಕೊಟ್ರೆ ಲೆಕ್ಕಕ್ಕಿಲ್ಲ. 18 ತುಂಬಿದ, ಕೇಸಲ್ಲಿ ಇಲ್ಲದ ಯಾರಾದ್ರೂ ಕೊಡ್ಬೇಕು, ನಿಮ್ಮ ಮನೆಯವರೂ ಅರ್ಜಿದಾರರಾಗಿದ್ರೆ ಅವರೂ ಆಗಲ್ಲ. ಓನರ್ ಅದೇ ಕೌಂಟಿಲಿದ್ರೆ ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ, ಬೇರೆ ಕೌಂಟಿ ಆದ್ರೆ 20 ದಿನ ಮುಂಚೆ ಕೈಗೆ ಸಿಕ್ಕಿರ್ಬೇಕು, ಕೊಟ್ಟವರು ಸಹಿ ಮಾಡಿದ ಫಾರ್ಮನ್ನೂ ಕೋರ್ಟಿಗೆ ಸಲ್ಲಿಸ್ಬೇಕು.

ಇನ್ನೊಂದು, ಸೋತ್ರೆ ಕೇಸ್ ಹಾಕಿದ ನಿಮಗೆ ಅಪೀಲ್ ಇಲ್ಲ, ಅವನಿಗೆ ಮಾತ್ರ 30 ದಿನ ಇದೆ. ಅನ್ಯಾಯ ಅನ್ಸುತ್ತೆ, ನನಗೂ ಅನ್ಸುತ್ತೆ, ಆದ್ರೆ ನೀವೇ ಆರಿಸ್ಕೊಂಡ ಕೋರ್ಟು ಅಂತ ಅವರ ತರ್ಕ. ಅದಕ್ಕೇ ಮನೇಲಿ ಯಾರಿಗಾದ್ರೂ ಮೂರು ನಿಮಿಷದಲ್ಲಿ ಹೇಳಿ ರಿಹರ್ಸಲ್ ಮಾಡ್ಕೊಳಿ, ಓನರ್ ಹೆಂಡತಿ ವಿಷಯ ಬಂದ ತಕ್ಷಣ ತಡೀರಿ ಅಂತ ಅವರಿಗೆ ಹೇಳಿಡಿ.

ಗೆದ್ದ ಮೇಲೂ ದುಡ್ಡು ವಸೂಲಿ ಮಾಡೋದು ನಿಮ್ಮ ತಲೆನೋವೇ, ಕೋರ್ಟ್ ಮಾಡಿ ಕೊಡಲ್ಲ. ಹಳೇ ಬಾಡಿಗೆ ಚೆಕ್‌ಗಳ ಕಾಪಿ ಇದ್ರೆ ಎಸೀಬೇಡಿ, ಅವನ ಅಕೌಂಟ್ ಯಾವ ಬ್ಯಾಂಕಲ್ಲಿದೆ ಅಂತ ಚೆಕ್ಕಿನ ಹಿಂಬದೀಲೇ ಸಿಗಬಹುದು.