ಐದು ವರ್ಷದ ಮಗುವಿಗೆ ಘನ, ದ್ರವ, ಅನಿಲ ಕಲಿಸಲು ಅಡುಗೆಮನೆಯಲ್ಲೇ ಒಂದು ದಿನದಲ್ಲಿ ಮಾಡಿ ಮುಗಿಸಬಹುದಾದ ಹತ್ತು ಪ್ರಯೋಗ ಹೇಳ್ತೀರಾ?

ಹತ್ತು ಬೇಡ, ಮೂರು ಸಾಕು. ಒಂದೇ ದಿನದಲ್ಲಿ ಮುಗಿಸುವುದಂತೂ ಬೇಡವೇ ಬೇಡ. ಮೊದಲು ಮಂಜುಗಡ್ಡೆ, ಆಮೇಲೆ ಸಕ್ಕರೆ ನೀರು, ಕೊನೆಗೆ ಸೋಡಾ ಜ್ವಾಲಾಮುಖಿ, ಅಂದರೆ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವ ಆಟ: ನಾನು ಮಗುವಿಗೆ ತೋರಿಸಲು ಹಿಡಿದದ್ದು ಈ ಕ್ರಮ. ಎಡವಿದ್ದು ಎರಡನೆಯದರಲ್ಲೇ.

ಮೊದಲ ಲೋಟದಲ್ಲಿ ಮಂಜುಗಡ್ಡೆ ಕರಗಿತು, ಎರಡನೆಯದರಲ್ಲಿ ಸಕ್ಕರೆ ಕರಗಿತು. "ಹಾಗಾದ್ರೆ ಸಕ್ಕರೆನೂ ನೀರಾಯ್ತು" ಎಂದು ಮಗು ತೀರ್ಮಾನ ಕೊಟ್ಟಿತು. ತಪ್ಪು ಮಗುವಿನದಲ್ಲ, ನಾನು ಆಡಿದ ಮಾತಿನದು. ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ, ಮನಸ್ಸೂ ಕರಗುತ್ತದೆ. ಆದರೆ ಮಂಜುಗಡ್ಡೆಗೆ ಬೇಕಾದದ್ದು ಬರೀ ಶಾಖ, ಉಪ್ಪು ಸಕ್ಕರೆಗೆ ಬೇಕಾದದ್ದು ನೀರು. ಒಂದರಲ್ಲಿ ವಸ್ತು ತಾನೇ ದ್ರವವಾಗುತ್ತದೆ. ಇನ್ನೊಂದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನೀರಿನೊಳಗೆ ಹಂಚಿಹೋಗುತ್ತದೆ. 'ವಿಲೀನ' ಎಂಬ ಪಠ್ಯಪುಸ್ತಕದ ಪದ ಆ ವಯಸ್ಸಿಗೆ ದಕ್ಕುವುದಿಲ್ಲ. ಮಂಜು 'ನೀರಾಯ್ತು', ಉಪ್ಪು 'ನೀರಲ್ಲಿ ಸೇರ್ಕೊಂಡಿತು' ಎಂದು ಬೇರೆಬೇರೆಯಾಗಿ ಹೇಳಿದರೆ ಸಾಕು.

ಸರಿಪಡಿಸಲು ಹೋಗಿ ಅದೇ ಸಕ್ಕರೆ ನೀರನ್ನು ತಟ್ಟೆಗೆ ಸುರಿದು ಒಣಗಲು ಇಟ್ಟದ್ದು ಆ ತಪ್ಪಿನದೇ ಬಾಲ. ದಿನಗಟ್ಟಲೆ ಕಾದರೂ ಹರಳು ಬರಲಿಲ್ಲ, ಅಂಟು ಪಾಕ ಉಳಿಯಿತು. ಇರುವೆಗಳೂ ಬಂದವು, ಅದು ಬೇರೆ ಪಾಠ. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಉಪ್ಪಾದರೆ ಸುಮಾರು 36 ಗ್ರಾಂ ಅಷ್ಟೇ. ಹೀಗಾಗಿ ಬಹುಪಾಲು ನೀರು ಆರಿದ ಮೇಲೂ ಸಕ್ಕರೆ ದ್ರವದಂತೆಯೇ ಕಾಣುತ್ತದೆ, ಪಾಕ ದಪ್ಪಗಾದಷ್ಟೂ ಹರಳು ಕಟ್ಟುವುದು ಕಷ್ಟ. ಮಗುವಿನ ತಪ್ಪು ತೀರ್ಮಾನಕ್ಕೆ ನಾನೇ ಸಾಕ್ಷಿ ಒದಗಿಸಿದಂತಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಇಲ್ಲಿ ಸಕ್ಕರೆ ಮುಟ್ಟಬೇಡಿ, ಉಪ್ಪು ತೆಗೆದುಕೊಳ್ಳಿ.

ಒಂದು ಖಾಲಿ ಬಟ್ಟಲಲ್ಲಿ ಮಂಜುಗಡ್ಡೆಯ ತುಂಡು, ಇನ್ನೊಂದರಲ್ಲಿ ಎರಡು ಟೀ ಚಮಚ ಉಪ್ಪು. ಎರಡಕ್ಕೂ ನೀರು ಹಾಕದೆ ಅರ್ಧ ಗಂಟೆ ಬಿಡಿ. ಮಂಜು ನೀರಾಗುತ್ತಾ ಬರುತ್ತದೆ, ಉಪ್ಪು ಇದ್ದಂತೆಯೇ ಇರುತ್ತದೆ. ಈಗ ಉಪ್ಪಿಗೆ 100 ಮಿ.ಲೀ. ಉಗುರುಬೆಚ್ಚಗಿನ ನೀರು ಹಾಕಿ ಮಗುವಿನ ಕೈಯಲ್ಲೇ ಕಲಕಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಮೊದಲೂ ಆಮೇಲೂ ತೂಗಿ: 100 ಗ್ರಾಂ ನೀರು, 12 ಗ್ರಾಂ ಉಪ್ಪು, ಸೇರಿ 112. ಉಪ್ಪು ಕಾಣುವುದಿಲ್ಲ, ತೂಕ ಮಾತ್ರ ಎಲ್ಲೂ ಹೋಗಿಲ್ಲ.

ಆ ನೀರಿನಲ್ಲಿ ಎರಡು ದೊಡ್ಡ ಚಮಚದಷ್ಟನ್ನು ಮಾತ್ರ ಕಪ್ಪು ಅಥವಾ ಗಾಢ ಬಣ್ಣದ ತಟ್ಟೆಗೆ ತೆಳ್ಳಗೆ ಹರಡಿ ಕಿಟಕಿಯ ಬಳಿ ಇಡಿ. ಹವೆ ಒಣಗಿದ್ದರೆ ಎರಡು ಮೂರು ದಿನ, ತೇವವಿದ್ದರೆ ಇನ್ನೂ ಹೆಚ್ಚು. ಭೂತಗನ್ನಡಿ ಹಿಡಿದರೆ ಚೌಕಾಕಾರದ ಹರಳು ಕಾಣುತ್ತವೆ. ತಾಳ್ಮೆಯಿಲ್ಲದೆ ಒಲೆಯ ಮೇಲಿಟ್ಟರೆ ಬರುವುದು ಬಿಳಿ ಪುಡಿ, ಕೊನೆಯಲ್ಲಿ ಸಿಡಿಯುತ್ತದೆ ಕೂಡ. ಇನ್ನೊಂದು ವಿಷಯ: ಮಂಜುಗಡ್ಡೆಯ ಮೇಲೆ ಉಪ್ಪು ಉದುರಿಸುವ ಆಟವನ್ನು ಇದೇ ದಿನ ಮಾಡಬೇಡಿ. ಉಪ್ಪು ಬಿದ್ದಲ್ಲಿ ಮಂಜು ಬೇಗ ನೀರಾಗುತ್ತದೆ, ಈಗಷ್ಟೇ ಬಿಡಿಸಿದ ಗಂಟು ಮತ್ತೆ ಬೀಳುತ್ತದೆ.

ಮಂಜುಗಡ್ಡೆಯನ್ನು ತೂಗುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲೇ ತೂಗಿ. ತೆರೆದ ಲೋಟದಲ್ಲಿಟ್ಟರೆ ಗಾಳಿಯ ತೇವ ತಣ್ಣನೆಯ ಹೊರಮೈಗೆ ಹನಿಗಟ್ಟಿ ಒಂದೆರಡು ಗ್ರಾಂ ಕೂಡಬಹುದು. ಡಬ್ಬಿಯ ಹೊರಮೈಯನ್ನೂ ಎರಡನೇ ಸಲ ತೂಗುವ ಮುನ್ನ ಒರೆಸಿ.

ಅನಿಲಕ್ಕೆ ಜ್ವಾಲಾಮುಖಿ ಬೇಡ, ಖಾಲಿ ಲೋಟ ಸಾಕು. ಲೋಟದ ತಳಕ್ಕೆ ಟಿಶ್ಯೂ ಕಾಗದವನ್ನು ಉಂಡೆ ಮಾಡಿ ಗಟ್ಟಿಯಾಗಿ ತುರುಕಿ. ಬೋರಲು ಹಾಕಿ ನೀರು ತುಂಬಿದ ಪಾತ್ರೆಯೊಳಗೆ ನೆಟ್ಟಗೆ ಇಳಿಸಿ, ನೆಟ್ಟಗೇ ಎತ್ತಿ. ಕಾಗದ ಒಣಗಿಯೇ ಇರುತ್ತದೆ, ಒಳಗಿದ್ದ ಗಾಳಿ ನೀರಿಗೆ ಜಾಗ ಬಿಟ್ಟುಕೊಡಲಿಲ್ಲ. ಎರಡನೇ ಸಲ ನೀರಿನೊಳಗೇ ಓರೆ ಮಾಡಿ. ಗುಳುಗುಳು ಎಂದು ಗಾಳಿ ಹೊರಬಿದ್ದಷ್ಟೇ ನೀರು ಒಳಹೋಗುತ್ತದೆ. ಕಾಗದ ಸಡಿಲವಿದ್ದರೆ ಕೆಳಗೆ ಜಾರಿ ನೆನೆಯುತ್ತದೆ, ಎಲ್ಲ ಕೆಡುವುದು ಅಲ್ಲೇ.

ಸೋಡಾ ಮತ್ತು ವಿನೆಗರ್ ಬೇಡ ಎನ್ನಲು ಕಾರಣವಿದೆ. ಅಲ್ಲಿ ನಡೆಯುವುದು ಸ್ಥಿತಿ ಬದಲಾವಣೆಯಲ್ಲ, ಹೊಸ ವಸ್ತು ಹುಟ್ಟುವುದು. ಸಾಲಿನಲ್ಲಿ ಮೂರನೆಯದಾಗಿ ತೋರಿಸಿದರೆ, ಪುಡಿ 'ಕರಗಿ' ಅನಿಲವಾಯಿತು ಎಂದೇ ಮಗು ಓದಿಕೊಳ್ಳುತ್ತದೆ. ಕೆಲವು ವಾರ ಬಿಟ್ಟು ಬೇರೆಯಾಗಿ ಮಾಡಿ: ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಅಡುಗೆ ಸೋಡಾಕ್ಕೆ ಶೇ. 5ರ ವಿನೆಗರ್ 75 ಮಿ.ಲೀ. ಸುಮಾರು ಒಂದೂಕಾಲು ಲೀಟರ್ ಅನಿಲ ಬರುತ್ತದೆ. ಬಾಟಲಿಗೆ ಬಲೂನ್ ಕಟ್ಟಿ ತೂಗಬೇಡಿ. ಏನೂ ಸೋರದಿದ್ದರೂ ತಕ್ಕಡಿ ಒಂದೆರಡು ಗ್ರಾಂ ಕಡಿಮೆ ತೋರಿಸುತ್ತದೆ, ಏಕೆಂದರೆ ಉಬ್ಬಿದ ಬಲೂನನ್ನು ಸುತ್ತಲ ಗಾಳಿ ಮೇಲಕ್ಕೆ ತಳ್ಳುತ್ತದೆ. ಒಂದು ಲೀಟರ್ ಗಾಳಿಯ ತೂಕವೇ ಸುಮಾರು 1.2 ಗ್ರಾಂ. ಇದನ್ನು ಐದು ವರ್ಷದವರಿಗೆ ವಿವರಿಸಲು ನನಗಂತೂ ಆಗದು.

ತೂಗಿಯೇ ತೋರಿಸಬೇಕೆಂದರೆ ಅಗಲ ಬಟ್ಟಲಲ್ಲಿ ಸೋಡಾ, ಪಕ್ಕದ ಲೋಟದಲ್ಲಿ ವಿನೆಗರ್, ಎರಡನ್ನೂ ಒಟ್ಟಿಗೆ ತಕ್ಕಡಿಯ ಮೇಲಿಡಿ. ಅಂಕಿ ಬರೆದುಕೊಂಡು, ಸಿಡಿಯದಂತೆ ನಿಧಾನಕ್ಕೆ ಬೆರೆಸಿ. ನೊರೆ ಇಳಿದ ಮೇಲೆ ಎರಡು ಗ್ರಾಂ ಆಸುಪಾಸು ಕಡಿಮೆಯಾಗಿರುತ್ತದೆ, ಹಾರಿಹೋದ ಅನಿಲದ ತೂಕ ಅದು. ಖಾಲಿಯಾದ ಲೋಟವನ್ನು ಮತ್ತೆ ತಕ್ಕಡಿಯ ಮೇಲೆ ಇಟ್ಟೇ ಅಂಕಿ ನೋಡಿ.