ಅಂಕಿ ಒತ್ತಿ ತೆರೆಯುವ ಕಾರಿನ ಬಾಗಿಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾಳೆ. ಬರುವ ತಿಂಗಳು ನಾವು ದಂಪತಿ ಕೆಲಕಾಲ ಅವಳ ಮನೆಯಲ್ಲಿರಲು ಹೊರಟಿದ್ದೇವೆ. ಅವಳ ಫೋರ್ಡ್ ಎಕ್ಸ್‌ಪ್ಲೋರರ್ ಕಾರಿನಲ್ಲಿ ಚಾಲಕನ ಬಾಗಿಲ ಬಳಿ ಐದು ಗುಂಡಿಗಳ ಪಟ್ಟಿಯಿದ್ದು, ಅಂಕಿಗಳನ್ನು ಒತ್ತಿದರೆ ಬಾಗಿಲು ತೆರೆಯುತ್ತದೆಯಂತೆ. ಕೈಯಲ್ಲಿ ರಿಮೋಟ್ ಇರುವಾಗ ಇದರಿಂದ ಏನು ಪ್ರಯೋಜನ?
– ನಿವೃತ್ತ ಶಿಕ್ಷಕರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ರಿಮೋಟ್ ಕೈಯಲ್ಲಿ ಇಲ್ಲದ ಹೊತ್ತಿಗಾಗಿಯೇ ಈ ಪಟ್ಟಿ ಇದೆ, ಮತ್ತು ಅಂಥ ಹೊತ್ತು ನಾವು ಎಣಿಸುವುದಕ್ಕಿಂತ ಹೆಚ್ಚು ಸಲ ಬರುತ್ತದೆ. ಫೋರ್ಡ್ ಕಂಪನಿ 1980ರಲ್ಲಿ ಥಂಡರ್‌ಬರ್ಡ್ ಮತ್ತು ಲಿಂಕನ್ ಕಾರುಗಳಲ್ಲಿ ಇದನ್ನು ಅಳವಡಿಸಲು ಆರಂಭಿಸಿತು; ರಿಮೋಟ್‌ಗಳು ಮನೆಮಾತಾದ ಮೇಲೂ ಅದನ್ನು ಕೈಬಿಡಲಿಲ್ಲ.

ಒಂದೊಂದು ಗುಂಡಿಗೆ ಎರಡೆರಡು ಅಂಕಿಗಳಿರುತ್ತವೆ: 1-2, 3-4, 5-6, 7-8, 9-0. ಐದಂಕಿಯ ಸಂಖ್ಯೆಯನ್ನು ಒತ್ತಿದರೆ ಚಾಲಕನ ಬಾಗಿಲು ತೆರೆದುಕೊಳ್ಳುತ್ತದೆ. ಅದಾದ ಐದು ಸೆಕೆಂಡಿನೊಳಗೆ 3-4 ಒತ್ತಿದರೆ ಉಳಿದ ಬಾಗಿಲುಗಳೂ ತೆರೆಯುತ್ತವೆ. ಡಿಕ್ಕಿಗೆ ಸಾಮಾನ್ಯವಾಗಿ 5-6. ಬಾಗಿಲು ಹಾಕಲು ಸಂಖ್ಯೆಯೇ ಬೇಡ. 7-8 ಮತ್ತು 9-0 ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಎರಡೂ ಕೈಯಲ್ಲಿ ಸಂತೆಯ ಚೀಲಗಳಿದ್ದು, ರಿಮೋಟ್ ಕೈಚೀಲದ ತಳಕ್ಕೆ ಸೇರಿಕೊಂಡಿರುವಾಗ ಇದೊಂದೇ ಅನುಕೂಲ ಎಷ್ಟು ದೊಡ್ಡದೆಂಬುದು ತಮಗೆ ಅಲ್ಲಿ ಹೋದ ಮೇಲೆ ತಿಳಿಯುತ್ತದೆ.

ತಮ್ಮಂಥ ಅತಿಥಿಗಳಿಗೆ ಇದು ಇನ್ನೊಂದು ಬಗೆಯಲ್ಲಿ ಒದಗುತ್ತದೆ. ಮಗಳು ಮನೆಯೊಳಗೆ ಕಚೇರಿಯ ಸಭೆಯಲ್ಲಿ ಕುಳಿತಿದ್ದಾಳೆ, ತಮ್ಮ ರಕ್ತದೊತ್ತಡದ ಮಾತ್ರೆಯ ಡಬ್ಬಿ ಅಂಗಳದಲ್ಲಿ ನಿಂತ ಕಾರಿನಲ್ಲೇ ಉಳಿದಿದೆ ಎಂದಿಟ್ಟುಕೊಳ್ಳಿ. ಸಂಖ್ಯೆ ಗೊತ್ತಿದ್ದರೆ ತಾವೇ ಹೋಗಿ ತರಬಹುದು. ಅವಳನ್ನು ಎಬ್ಬಿಸಬೇಕಿಲ್ಲ, ರಿಮೋಟ್ ಹುಡುಕಬೇಕಿಲ್ಲ. ಸರೋವರದಲ್ಲಿ ಈಜಲು ಹೋದಾಗ ನೀರು ತಾಗಿದರೆ ಕೆಡಬಹುದಾದ ರಿಮೋಟನ್ನು ಮನೆಯವರೊಬ್ಬರ ಬಳಿ ಬಿಟ್ಟು, ಬಟ್ಟೆ ತೆಗೆದುಕೊಳ್ಳಲು ಬೇಕಾದವರು ಬೇಕಾದಾಗ ಕಾರಿಗೆ ಬಂದು ಹೋಗಬಹುದು. ರಿಮೋಟಿನ ಸೆಲ್ ಮುಗಿದಾಗ ಇಲ್ಲವೇ ಅದು ಒಳಗೇ ಉಳಿದು ಬಾಗಿಲು ಮುಚ್ಚಿಕೊಂಡಾಗ ಆಗುವ ಪೇಚಾಟವೂ ಇರುವುದಿಲ್ಲ. ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಮೆಕ್ಯಾನಿಕ್ ಬಂದು ಕಿಟಕಿಯ ರಬ್ಬರ್ ಪಟ್ಟಿಯ ಸಂದಿನಲ್ಲಿ ಉಕ್ಕಿನ ಸ್ಕೇಲ್ ತೂರಿಸುವುದನ್ನೂ, ಆಮೇಲೆ ಮಳೆಗಾಲದಲ್ಲಿ ಅದೇ ಸಂದಿನಿಂದ ನೀರು ಇಳಿಯುವುದನ್ನೂ ನೋಡಿದವರು ಈ ಗುಂಡಿಗಳ ಬೆಲೆಯನ್ನು ಬಲ್ಲರು.

ಹೋಗುವ ಮೊದಲೇ ಮಗಳಿಗೆ ಒಂದು ಮಾತು ಹೇಳಿ. ಕಾರ್ಖಾನೆಯಿಂದಲೇ ಬರುವ ಮೂಲ ಸಂಖ್ಯೆಯೊಂದು ಕಾರಿನ ದಾಖಲೆಗಳೊಂದಿಗಿನ ಸಣ್ಣ ಕಾರ್ಡಿನಲ್ಲಿ ಅಚ್ಚಾಗಿರುತ್ತದೆ. ಆ ಕಾರ್ಡನ್ನು ಕಾರಿನೊಳಗೆ ಇಡದೆ ಮನೆಯಲ್ಲಿ ಭದ್ರವಾಗಿಡಬೇಕು, ತಮಗೆ ಬೇರೊಂದು ಸಂಖ್ಯೆಯನ್ನು ಹೊಂದಿಸಿಕೊಡಬೇಕು. ತಾವು ಮರಳಿದ ಮೇಲೆ ಅದನ್ನು ಅಳಿಸಬಹುದು. ಮೂಲ ಸಂಖ್ಯೆ ಮಾತ್ರ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ವೀರನಾರಾಯಣ ಗುಡಿಗೆ ಧೋತರ ಉಟ್ಟು ಹೋಗುವಾಗ ರಿಮೋಟ್ ಇಟ್ಟುಕೊಳ್ಳಲು ಕಿಸೆ ಇರುವುದಿಲ್ಲ. ನಮ್ಮ ಕಾರಿಗೂ ಇಂಥ ಗುಂಡಿಗಳನ್ನು ಕೂಡಿಸಬಹುದೇ? ಕೂಡಿಸಿದರೆ ರಿಮೋಟನ್ನು ಒಳಗೇ ಬಿಟ್ಟು ಹೋಗಬಹುದಲ್ಲವೇ?
– ಓದುಗರು, ಗದಗ

ಉತ್ತರ: ಹೊರಗಿನ ಅಂಗಡಿಯಲ್ಲಿ ಸೆಂಟ್ರಲ್ ಲಾಕಿಂಗ್ ತಂತಿಗಳನ್ನು ಕತ್ತರಿಸಿ ಕೂಡಿಸುವ ಕೆಲಸವನ್ನು ನಾವು ಒಪ್ಪುವುದಿಲ್ಲ, ವಾರಂಟಿಗೆ ತೊಡಕಾಗಬಹುದು, ತಂತಿಯ ಜೋಡಣೆ ಸಡಿಲವಾದರೆ ಅಪಾಯವೂ ಉಂಟು. ಹ್ಯುಂಡೈನ ಬ್ಲೂಲಿಂಕ್, ಕಿಯಾ ಕನೆಕ್ಟ್ ಮುಂತಾದ ಸೌಲಭ್ಯಗಳಿರುವ ಕಾರುಗಳ ಬಾಗಿಲನ್ನು ಮೊಬೈಲಿನಿಂದಲೇ ತೆರೆಯಬಹುದು. ಗದಗಿನಲ್ಲಿ ನಿಂತ ಕಾರನ್ನು ಧಾರವಾಡದಲ್ಲಿರುವ ಮಗ ತೆರೆದುಕೊಡಬಹುದು. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು, ಚಂದಾ ಜಾರಿಯಲ್ಲಿರಬೇಕು. ಗುಂಡಿಗಳ ಪಟ್ಟಿಗೆ ಇವೆರಡೂ ಬೇಕಿಲ್ಲವೆಂಬುದೇ ಅದರ ಹೆಚ್ಚುಗಾರಿಕೆ.

ತಮ್ಮ ಎರಡನೆಯ ಪ್ರಶ್ನೆಗೆ ಬೇಡವೆಂದೇ ಖಚಿತವಾಗಿ ಹೇಳುತ್ತೇವೆ. ಕಾರು ಕಳುವಾದರೆ ವಿಮಾ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುತ್ತಾರೆ. ಒಂದು ಒಳಗೇ ಇತ್ತೆಂದರೆ ಪರಿಹಾರಕ್ಕೆ ಅದೇ ಅಡ್ಡಿಯಾಗಬಹುದು. ಬಿಸಿಲೆಂದು ಏಸಿ ಹಾಕಿ, ಎಂಜಿನ್ ಚಾಲೂ ಇಟ್ಟು ಇಳಿಯುವುದಂತೂ ಕೂಡದು. ಮೋಟಾರು ವಾಹನ ಕಾಯ್ದೆ 1988ರ 126ನೇ ಕಲಮಿನ ಪ್ರಕಾರ, ಲೈಸೆನ್ಸ್ ಇರುವವರೊಬ್ಬರು ಚಾಲಕನ ಸೀಟಿನಲ್ಲಿ ಇರದಿದ್ದರೆ, ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ವಾಹನದ ಎಂಜಿನ್ ಬಂದ್ ಮಾಡಿ ಬ್ರೇಕ್ ಹಾಕಿರಬೇಕು. ಒಳಗೆ ಮಗು ಇದ್ದರೆ ಕಾಯ್ದೆಯ ಮಾತೂ ಬೇಕಿಲ್ಲ. ಒಂದು ಗಳಿಗೆಯೂ ಬಿಟ್ಟು ಹೋಗಬಾರದು. ರಿಮೋಟನ್ನು ಸಣ್ಣ ಚೀಲದಲ್ಲಿ ಹಾಕಿ ಧೋತರದ ಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುವುದೇ ಸದ್ಯಕ್ಕೆ ಒಳ್ಳೆಯ ದಾರಿ.

ಪ್ರಶ್ನೆ: ಟೆಕ್ಸಸ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ತಮ್ಮನ ಫೋರ್ಡ್ ಎಫ್-150 ಗಾಡಿಗೆ ಈ ವ್ಯವಸ್ಥೆಯಿದೆ. ಅಂಗಡಿಯ ಹುಡುಗರಿಗೂ ಸಂಖ್ಯೆ ಕೊಟ್ಟಿದ್ದಾನೆ. ಕಳ್ಳರು ಒಂದೊಂದೇ ಸಂಖ್ಯೆ ಒತ್ತುತ್ತ ತೆರೆಯಲಾರರೇ?
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಐದಂಕಿಯ ಸಂಖ್ಯೆ ಎಂದಾಕ್ಷಣ ಲಕ್ಷ ಸಾಧ್ಯತೆಗಳು ಎನಿಸುತ್ತದೆ. ಆದರೆ ಗುಂಡಿಗಳು ಐದೇ ಆದ್ದರಿಂದ, ಐದು ಸಲ ಒತ್ತುವಾಗ ಆಗುವ ಜೋಡಣೆಗಳು 3,125 ಮಾತ್ರ. 13579 ಎಂದರೂ 24680 ಎಂದರೂ ಒತ್ತುವ ಗುಂಡಿಗಳು ಒಂದೇ. ಕೊನೆಯ ಐದು ಒತ್ತುವಿಕೆಗಳನ್ನು ಮಾತ್ರ ಗಮನಿಸುವ ಹಳೆಯ ಮಾದರಿಗಳಲ್ಲಿ, ಲೆಕ್ಕ ಬಲ್ಲವನು ಒಂದರ ಬಾಲಕ್ಕೆ ಇನ್ನೊಂದನ್ನು ಹೊಂದಿಸಿ 3,129 ಸಲ ಒತ್ತುವಷ್ಟರಲ್ಲಿ ಎಲ್ಲ ಜೋಡಣೆಗಳನ್ನೂ ಮುಗಿಸಬಲ್ಲ. ಇದನ್ನು ತಡೆಯಲೆಂದೇ ತಪ್ಪು ಸಂಖ್ಯೆ ಏಳು ಸಲ, ಅಂದರೆ 35 ಸಲ ಗುಂಡಿ ಒತ್ತಿದ ಮೇಲೆ, ಪಟ್ಟಿ ಒಂದು ನಿಮಿಷ ಕೆಲಸ ನಿಲ್ಲಿಸುತ್ತದೆ. ಆ ಲೆಕ್ಕದಲ್ಲಿ ಎಲ್ಲವನ್ನೂ ಒತ್ತಿ ನೋಡಲು ಬರಿಯ ಕಾಯುವಿಕೆಗೇ ಸುಮಾರು ಒಂದೂವರೆ ಗಂಟೆ ಬೇಕು. ಬೀದಿಯಲ್ಲಿ ಅಷ್ಟು ಹೊತ್ತು ನಿಲ್ಲುವ ಕಳ್ಳನಿಗಿಂತ ಗಾಜು ಒಡೆಯುವ ಕಳ್ಳನೇ ಹೆಚ್ಚು. ಬಾಗಿಲು ತೆರೆದರೂ, ಕೀಲಿಕೈಯಲ್ಲಿರುವ ಚಿಪ್ಪಿನ ಗುರುತು ಸಿಗದೆ ಎಂಜಿನ್ ಚಾಲೂ ಆಗುವುದಿಲ್ಲ. ಹುಡುಗರು ಮಾಲು ಇಳಿಸಲಿ, ಏರಿಸಲಿ. ಗಾಡಿ ಓಡಿಸಿಕೊಂಡು ಹೋಗಲಾರರು. ಆದ್ದರಿಂದ ಸಂಖ್ಯೆ ಕೊಟ್ಟದ್ದು ತಪ್ಪಲ್ಲ, ಕೀಲಿಕೈ ಮಾತ್ರ ತಮ್ಮನ ಬಳಿಯೇ ಇರಲಿ.

ಹುಡುಗರಿಗೆ ಕಾರ್ಡಿನ ಮೂಲ ಸಂಖ್ಯೆಯನ್ನೇ ಕೊಟ್ಟಿದ್ದರೆ ಅದನ್ನು ಮರಳಿ ಪಡೆಯಲು ಆಗದು. ಮಾರಾಟಗಾರರ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಲಿ. ಬೇರೆ ಸಂಖ್ಯೆ ಹೊಂದಿಸಿ ಕೊಟ್ಟಿದ್ದರೆ, ಒಬ್ಬ ಹುಡುಗ ಕೆಲಸ ಬಿಟ್ಟ ದಿನವೇ ಅದನ್ನು ಅಳಿಸಿ ಹೊಸದನ್ನು ಹಾಕಲಿ. ಹೊಸದು ಹುಟ್ಟಿದ ವರ್ಷವಾಗಲಿ ಅಂಗಡಿಯ ಫೋನಿನ ಕೊನೆಯ ಅಂಕಿಗಳಾಗಲಿ ಆಗಿರದಂತೆ ನೋಡಿಕೊಳ್ಳಲಿ.